ನಾಲಗೆಯ ಹಳೆಯ ದಾರಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕೆಲಸದ ಸಂದರ್ಶನದಲ್ಲಿ ಅವಳು ‘ಡೆವಲಪ್’ ಎಂದು ಮೊದಲಕ್ಷರವನ್ನು ಒತ್ತಿ ನುಡಿದಾಗ ಎದುರಿಗಿದ್ದವರು ನಕ್ಕರಂತೆ. ಮುಂದೆ ಅವಳ ಬಾಯೇ ಕಟ್ಟಿಹೋಯಿತು. “ತರಗತಿಯಲ್ಲಿ ನೀವೂ ಹಾಗೆಯೇ ಹೇಳುತ್ತಿದ್ದಿರಲ್ಲ, ಸಾರ್?” ಎಂದಳು. ಕನ್ನಡದ ಅಧ್ಯಾಪಕನೆಂಬ ನೆಪ ಆಗ ನನ್ನ ನೆರವಿಗೆ ಬರಲಿಲ್ಲ.

ಅಂದು ರಾತ್ರಿ ಫೋನಿನಲ್ಲಿ ಕೇಂಬ್ರಿಜ್ ನಿಘಂಟನ್ನು ತೆರೆದೆ. ಪದದ ಬಳಿಯಲ್ಲಿ ಧ್ವನಿವರ್ಧಕದ ಎರಡು ಪುಟ್ಟ ಚಿತ್ರಗಳು: ಒಂದು ಬ್ರಿಟಿಷರ ಉಚ್ಚಾರಣೆಗೆ, ಇನ್ನೊಂದು ಅಮೆರಿಕನ್ನರದಕ್ಕೆ. ಮುಟ್ಟಿದೊಡನೆ ‘ಡಿವೆಲಪ್’ ಎಂದಿತು. ಒತ್ತು ‘ವೆ’ಯ ಮೇಲೆ. ಹತ್ತು ಸಲ ಕೇಳಿ ಹತ್ತು ಸಲ ನುಡಿದರೂ ನನ್ನ ನಾಲಗೆ ಹಳೆಯ ದಾರಿಯನ್ನೇ ಹಿಡಿಯಿತು. “ಯಾರ ಮೇಲೆ ರೇಗಾಡುತ್ತಿದ್ದೀರಿ?” ಎಂದು ಅಡಿಗೆಮನೆಯಿಂದ ನನ್ನಾಕೆ ಕೇಳಿದಳು.

ಯೋಚಿಸಿದರೆ ತಪ್ಪು ನಾಲಗೆಯದಲ್ಲ, ಕಣ್ಣಿನದು. ಕನ್ನಡವನ್ನು ನಾವು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಒಂದು ಉಚ್ಚಾರಾಂಶ ಎದ್ದು ನಿಂತರೆ ನೆರೆಯವು ತಲೆತಗ್ಗಿಸುತ್ತವೆ. ‘ಫೋಟೋಗ್ರಾಫ್’ನಲ್ಲಿ ಮೊದಲನೆಯದಕ್ಕಿದ್ದ ಒತ್ತು ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೂ ‘ಫೋಟಗ್ರಾಫಿಕ್’ನಲ್ಲಿ ಮೂರನೆಯದಕ್ಕೂ ಸರಿಯುತ್ತದೆ. ‘ರೆಕಾರ್ಡ್’ ಎಂಬುದು ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಕೊನೆಗೆ. ಒತ್ತು ತಪ್ಪಿದ ಸ್ವರ ಹಲವು ವೇಳೆ ಅಕಾರವೂ ಅಲ್ಲದ ಎಕಾರವೂ ಅಲ್ಲದ ಒಂದು ಮೆಲುದನಿಯಾಗಿಬಿಡುತ್ತದೆ. ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ನಿಘಂಟು ಅದನ್ನು ಇಂಗ್ಲಿಷಿನ ಸಣ್ಣ ‘ಇ’ಯನ್ನು ತಲೆಕೆಳಗು ಮಾಡಿ ಬರೆಯುತ್ತದೆ; ಒತ್ತಿಗೆ ಉಚ್ಚಾರಾಂಶದ ಮುಂಚೆ ಮೇಲುಗಡೆ ಒಂದು ಚಿಕ್ಕ ಗೀಟು. ಈ ವಿದ್ಯೆ ಹೊಸದೇನಲ್ಲ. ಡೇನಿಯಲ್ ಜೋನ್ಸ್ ತಮ್ಮ ಇಂಗ್ಲಿಷ್ ಉಚ್ಚಾರಣಾ ನಿಘಂಟನ್ನು ಹೊರತಂದದ್ದು 1917ರಲ್ಲಿ. ಆದರೆ ಆ ಪುಸ್ತಕ ಮಾತನಾಡುತ್ತಿರಲಿಲ್ಲ!

ಎರಡು ದನಿಗಳಲ್ಲಿ ಯಾವುದನ್ನು ಹಿಡಿಯಬೇಕು? ‘ಶೆಡ್ಯೂಲ್’ ಎಂದರೂ ಸರಿ, ‘ಸ್ಕೆಜೂಲ್’ ಎಂದರೂ ಸರಿ, ಯಾರೂ ಮುಳುಗುವುದಿಲ್ಲ. ಕಾಗುಣಿತವನ್ನು ನೋಡುವ ಮೊದಲು ಕಣ್ಣುಮುಚ್ಚಿ ಕೇಳುವುದು ಮಾತ್ರ ಮುಖ್ಯ. ಬಳಿಕ ನಮ್ಮ ದನಿಯನ್ನು ಮುದ್ರಿಸಿಕೊಂಡು ನಿಘಂಟಿನ ದನಿಯೊಡನೆ ಹೋಲಿಸಬೇಕು. ನಾಚಿಕೆಯಾಗುವುದು ನಿಜ. ಅಂದು ನಕ್ಕ ಮಹನೀಯರು ‘ಹೋಟೆಲ್’ ಪದದ ಒತ್ತನ್ನು ಎಲ್ಲಿಡುತ್ತಾರೋ! ಅದು ಇರಬೇಕಾದದ್ದು ಕೊನೆಯಲ್ಲಿ.

ಹುಡುಗಿ ಈಗ ಇಪ್ಪತ್ತು ಪದಗಳ ಪಟ್ಟಿ ಮಾಡಿಕೊಂಡಿದ್ದಾಳೆ. ಪ್ರತಿ ಸಂಜೆ ತನ್ನ ದನಿಯನ್ನು ಮುದ್ರಿಸಿ ನನಗೆ ಕಳುಹಿಸುತ್ತಾಳೆ. ನಾನೂ ನನ್ನದನ್ನು ಕಳುಹಿಸುತ್ತೇನೆ. ಸೋಮವಾರ ಅವಳಿಗೆ ಇನ್ನೊಂದು ಸಂದರ್ಶನವಿದೆ. ನಿನ್ನೆ ಅವಳ ‘ಡಿವೆಲಪ್’ ಸರಿಯಾಗಿ ಬಂತು. ನನ್ನದನ್ನು ಕೇಳಿ, “ಇನ್ನೊಮ್ಮೆ ಹೇಳಿ ಸಾರ್” ಎಂದಳು.