ವಿಜ್ಞಾನ ವಿಹಾರ: ದೀಪದ ಭಾಷೆ

ಕುಂದಾಪುರದ ಕಡೆಯ ವಾಚಕರಿಗೆ ಕೋಡಿಯ ದೀಪಸ್ತಂಭವು ಚಿರಪರಿಚಿತವಷ್ಟೆ. ದೀಪಸ್ತಂಭಗಳು ಬರಿದೇ ಬೆಳಗುವುದಿಲ್ಲ. ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವಣ ಅವಧಿಯಿಂದ ‘ನಾನು ಇಂಥ ಊರಿನ ದೀಪ’ವೆಂದು ಕಡಲಿನವರಿಗೆ ತಿಳಿಸುವುವು.

ಈ ದೀಪದ ಭಾಷೆಯನ್ನೇ ಮನುಷ್ಯನು ಈಗ ದೂರದ ಅಂತರಿಕ್ಷಕ್ಕೂ ಕೊಂಡೊಯ್ದಿರುವನು. 2023ನೆಯ ಅಕ್ಟೋಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ‘ಸೈಕಿ’ ಎಂಬ ಕ್ಷುದ್ರಗ್ರಹದ ಕಡೆಗೆ ಅದೇ ಹೆಸರಿನ ನೌಕೆಯೊಂದನ್ನು ಕಳುಹಿಸಿತು. ಅದರಲ್ಲಿದ್ದ ಲೇಸರ್ ಯಂತ್ರವು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಮಿನುಗುಗಳನ್ನು ಭೂಮಿಗೆ ಬೀರಿತು. ಮಿನುಗು ಯಾವ ಸೂಕ್ಷ್ಮಕ್ಷಣದಲ್ಲಿ ಬಂದಿತೆಂಬುದರಲ್ಲಿಯೇ ಅದರ ಅರ್ಥವಡಗಿರುವುದು. ಡಿಸೆಂಬರ್ 11ರಂದು 3.1 ಕೋಟಿ ಕಿಲೋಮೀಟರ್ ದೂರದಿಂದ ಹೊರಟ ಬೆಕ್ಕಿನಾಟದ ಚಲಚ್ಚಿತ್ರವೊಂದು 101 ಸೆಕೆಂಡುಗಳಲ್ಲಿ ಭೂಮಿಯನ್ನು ಮುಟ್ಟಿತು. ಸೊನ್ನೆ-ಒಂದುಗಳ ಗುರುತುಗಳು ಸೆಕೆಂಡಿಗೆ 26.7 ಕೋಟಿಯಂತೆ ಬಂದುವು! ಅವನ್ನು ಹಿಡಿದದ್ದು ಪಾಲೊಮಾರ್ ಪರ್ವತದಲ್ಲಿ 1948ರಲ್ಲಿ ಉದ್ಘಾಟನೆಗೊಂಡ ಹೇಲ್ ದೂರದರ್ಶಕ.

ಬೆಳಕಿಗೆ ಈ ಶಕ್ತಿ ಎಲ್ಲಿಂದ ಬಂದಿತು? ರೇಡಿಯೋ ಅಲೆಗಿಂತ ಬೆಳಕಿನ ಅಲೆಯು ಬಹು ಚಿಕ್ಕದು. ಆದುದರಿಂದ ಅದರ ಕಿರಣವು ಅಷ್ಟಾಗಿ ಹರಡದೆ, ಸ್ವಲ್ಪ ಕಾಲದಲ್ಲಿ ಹೆಚ್ಚು ಸುದ್ದಿಯನ್ನು ಹೊರುವುದು. ಆದರೆ ಕಿರಣವು ಸಪೂರವಾದಷ್ಟೂ ಗುರಿ ಕಠಿಣ. ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಸಾಗುತ್ತಿರುವುದರಿಂದ, ಅದು ಈಗಿರುವ ಎಡೆಗಲ್ಲ, ಬೆಳಕು ಮುಟ್ಟುವಾಗ ಇರುವ ಎಡೆಗೆ ಗುರಿಯಿಡಬೇಕು. ಓಡುವ ಮೀನಿನ ಮುಂದಕ್ಕೆ ಬಲೆ ಬೀಸುವ ಜಾಣ್ಮೆಯಿದು. ದೂರ ಬೆಳೆದಂತೆ ವೇಗವೂ ಇಳಿಯುವುದು: 2024ರ ಏಪ್ರಿಲಿನಲ್ಲಿ 22.6 ಕೋಟಿ ಕಿಲೋಮೀಟರಿನಿಂದ ಬಂದ ಗುರುತುಗಳು ಸೆಕೆಂಡಿಗೆ 2.5 ಕೋಟಿ.

ಇನ್ನೊಂದು ವಿಘ್ನವನ್ನು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾದುದಿಲ್ಲ. ಆಷಾಢದ ಮಳೆ ಕವಿದ ರಾತ್ರಿ ದಡದ ದೀಪವೇ ಕಾಣದು. ಹಾಗೆಯೇ ದಟ್ಟವಾದ ಮೋಡವು ಲೇಸರ್ ಕಿರಣವನ್ನು ತಡೆಯುವುದು. ರೇಡಿಯೋ ಅಲೆಗೆ ಅದು ಅಷ್ಟು ಅಡ್ಡಿಯಲ್ಲ. ಬೆಂಗಳೂರಿನ ಸಮೀಪ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ರೇಡಿಯೋ ತಟ್ಟೆಯೊಂದುಂಟು. 2008ರಲ್ಲಿ ಚಂದ್ರಯಾನದ, ಅನಂತರ ಮಂಗಳಯಾನದ ಮಾತನ್ನು ಆಲಿಸಿದ್ದು ಅದೇ.

ಮುಂದೊಂದು ದಿನ ಮನುಷ್ಯರೇ ಮಂಗಳಗ್ರಹಕ್ಕೆ ಹೊರಟರೆ, ಅವರ ಚಿತ್ರಗಳನ್ನು ಬೆಳಕು ತರಬಹುದು. ಮೋಡ ಕವಿದ ದಿನ ‘ಕ್ಷೇಮ’ವೆಂಬ ಒಂದು ಮಾತನ್ನು ಮನೆಗೆ ಮುಟ್ಟಿಸಲು ರೇಡಿಯೋ ಬೇಕೇ ಬೇಕು. ವಿದ್ಯುದ್ದೀಪ ಬಂದಿತೆಂದು ಜಾಣೆಯಾದ ಗೃಹಿಣಿಯು ಲಾಟೀನನ್ನು ಎಸೆದುಬಿಡುವಳೇ? ಕಡಲಿಗೆ ಹೋದವರ ದಾರಿ ಕಾದು ಬಲ್ಲ ಮನೆಗಳಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.