ರೋಲ್ ಹಾಕೋದು ಧ್ಯಾನ ಅಲ್ಲ ಸ್ವಾಮಿ

ಮೊನ್ನೆ ಗೆಳೆಯನೊಬ್ಬ ವಿಡಿಯೋ ಕಳಿಸಿದ್ದ. ಮರದ ಮೇಜು, ಪಕ್ಕದಲ್ಲಿ ಫಿಲ್ಟರ್ ಕಾಫಿ, ಹಿನ್ನೆಲೆಗೆ ಕೊಳಲು. ಎರಡು ಕೈಗಳು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಕ್ಕೆ 120 ರೋಲ್ ಹಾಕ್ತಿವೆ, ದೇವರಿಗೆ ಹೂ ಏರಿಸೋ ಹಾಗೆ. ಕೆಳಗೆ ‘ಇದೇ ನನ್ನ ಧ್ಯಾನ’ ಅಂತ ಬರೆದಿದೆ. ಅದೇ ಕೈಗಳು ಶನಿವಾರದ ವರ್ಕ್‌ಶಾಪ್‌ನಲ್ಲಿ ದುಡ್ಡು ತಗೊಂಡು ಇದನ್ನ ಕಲಿಸ್ತವಂತೆ. ‘ಹೋಗೋಣ್ವಾ?’ ಅಂತ ಕೇಳ್ತಿದಾನೆ.

ಏನು ಕಲಿಯೋಕೆ ಹೋಗೋದು ಮಾರಾಯ? 120 ಫಿಲ್ಮನ್ನ ಕೊಡಕ್ 1901ರಲ್ಲಿ ತಂದಿದ್ದೇ ಬ್ರೌನಿ ಅನ್ನೋ ಅಗ್ಗದ ಡಬ್ಬಾ ಕ್ಯಾಮೆರಾಕ್ಕೆ. ಫಿಲ್ಮಿನ ಬೆನ್ನಿಗೆ ಉದ್ದಕ್ಕೂ ಕಾಗದ ಕೊಟ್ಟಿದ್ದು ಯಾಕೆ? ಕತ್ತಲೆ ಕೋಣೆ ಬೇಡ, ಹಗಲಲ್ಲೇ ಯಾರು ಬೇಕಾದ್ರೂ ಹಾಕ್ಕೊಳ್ಳಲಿ ಅಂತ. ನಮ್ಮಲ್ಲೂ ಅಗ್ಫಾ ಕ್ಲಿಕ್ 3 ಇಟ್ಕೊಂಡಿದ್ದ ಚಿಕ್ಕಪ್ಪಂದಿರು ಜಾತ್ರೆ ಗದ್ದಲದಲ್ಲೇ ರೋಲ್ ಹಾಕಿ, ಹಿಂದಿನ ಕೆಂಪು ಕಿಂಡಿಯಲ್ಲಿ 1 ಕಾಣೋವರೆಗೆ ತಿರುಗಿಸಿ, ಮುಂದಕ್ಕೆ ಹೋಗ್ತಿದ್ರು. ಕಣ್ಮುಚ್ಚಿ ಉಸಿರೆಳೆದುಕೊಂಡವರನ್ನ ನಾ ಕಾಣೆ.

ಈ ಚಟ ನನಗೂ ಇತ್ತು, ಅದಕ್ಕೇ ಸಿಟ್ಟು. ಸೆಕೆಂಡ್ ಹ್ಯಾಂಡ್ ಯಾಶಿಕಾ ಮ್ಯಾಟ್ ತಗೊಂಡ ಹೊಸತು. ಅಜ್ಜಿಗೆ 80 ತುಂಬಿದ ದಿನ ತಂಗಿ ಕೈಗೆ ಮೊಬೈಲ್ ಕೊಟ್ಟು, ಅಂಗಳದ ಬಿಸಿಲಲ್ಲಿ ಕೂತು, ಚಂದ ಕಾಣೋ ಹಾಗೆ ರೋಲ್ ಹಾಕಿದೆ. ಕೆಳಗಿನ ಸ್ಪೂಲನ್ನ ಹೆಬ್ಬೆರಳಲ್ಲಿ ಒತ್ತಿ ಹಿಡೀಬೇಕಿತ್ತು, ಹಿಡೀಲಿಲ್ಲ. ವಿಡಿಯೋಗೆ ಅಡ್ಡ ಬರ್ತಿತ್ತು. ಕಾಗದ ಸಡಿಲವಾಗಿ ಸುತ್ತಿಕೊಂಡಿತು. 12 ಫೋಟೋ ಮುಗಿಸಿ ಹಿಂಬಾಗಿಲು ತೆಗೆದರೆ ರೋಲು ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ತೆಗೆದಿದ್ದೂ ಅದೇ ಬಿಸಿಲಲ್ಲಿ. ಅಂಚುಗಳಿಂದ ಬೆಳಕು ನುಗ್ಗಿತ್ತು. ತೊಳೆಸಿ ನೋಡಿದರೆ ಅಜ್ಜಿ ಮುಖ ಉಳಿದಿದ್ದು ಒಂದರಲ್ಲಿ, ಅದೂ ಅರ್ಧ. ಮರುವರ್ಷ ಅಜ್ಜಿ ಇರಲಿಲ್ಲ. ತಂಗಿ ತೆಗೆದ ವಿಡಿಯೋ ಮಾತ್ರ ಬಹಳ ಚೆನ್ನಾಗಿ ಬಂದಿದೆ, ನನ್ನ ಬೆರಳುಗಳದ್ದು.

ಅವಧಿ ಮುಗಿದ ಒಂದು ರೋಲನ್ನ ಬಲಿ ಕೊಡಿ. ಕ್ರಿಕೆಟ್ ನೋಡ್ತಾ 20 ಸಲ ಹಾಕಿ, ತೆಗೀರಿ. ಕಾಗದದ ತುದಿ ಖಾಲಿ ಸ್ಪೂಲಿನ ಸೀಳಿಗೆ ನೇರವಾಗಿ ಹೋಗಲಿ, ಹೆಬ್ಬೆರಳು ಕೆಳಗಿನ ಸ್ಪೂಲ್ ಮೇಲಿರಲಿ, ಬಾಣದ ಗುರುತು ಬಾಡಿಯ ಗುರುತಿಗೆ ಬಂದ ಮೇಲೆ ಬಾಗಿಲು ಮುಚ್ಚಿ 1ಕ್ಕೆ ನಿಲ್ಲೋವರೆಗೆ ತಿರುಗಿಸಿ. ನೆರಳಲ್ಲಿ ಮಾಡಿ, ನೆರಳಿಲ್ಲವಾ, ಬಿಸಿಲಿಗೆ ಬೆನ್ನು ಹಾಕಿ. ಇಷ್ಟೇ. ಜರ್ಮನಿಯವರು 1937ರಲ್ಲೇ ರೋಲೈಫ್ಲೆಕ್ಸ್ ಆಟೋಮ್ಯಾಟ್ ಮಾಡಿ ಬಾಣ ನೋಡೋ ಕೆಲಸವನ್ನೂ ತಪ್ಪಿಸಿದ್ರು. ಕಾಗದದ ಹಿಂದೆ ಫಿಲ್ಮ್ ಬಂದು ದಪ್ಪ ಆದ ಜಾಗ ಅದರ ರೋಲರಿಗೇ ಗೊತ್ತಾಗುತ್ತೆ. ಅವರು ಕಷ್ಟಪಟ್ಟು ಕಡಿಮೆ ಮಾಡಿದ್ದನ್ನ ನಾವು ದುಡ್ಡು ಕೊಟ್ಟು ವಾಪಸ್ ತರ್ತಿದೀವಿ.

ನಿಧಾನ ಒಳ್ಳೇದಲ್ವಾ ಅಂತೀರಾ? ಒಳ್ಳೇದೇ. ಎದುರಿಗೆ ಕೂತವರ ಮುಖ ನೋಡೋವಾಗ ನಿಧಾನ ಮಾಡಿ, ಇರೋದೇ 12.

ಗೆಳೆಯನಿಗೆ ನನ್ನ ಹತ್ರ ಬಿದ್ದಿದ್ದ ಹಳೇ ರೋಲ್ ಕೊಟ್ಟಿದೀನಿ. ಶನಿವಾರ ಅವನ ಅಪ್ಪ ಊರಿಂದ ಬರ್ತಿದಾರಂತೆ.