ನೀಲಾಂಜನೆಯ ಸಾವು, ನಾಗವಲ್ಲಿಯ ಕುಣಿತ

ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ಬರುವ ನೀಲಾಂಜನೆಯ ಪ್ರಸಂಗ ಕನ್ನಡ ಓದುಗರಿಗೆ ಚಿರಪರಿಚಿತ. ವೃಷಭನಾಥನ ಓಲಗದಲ್ಲಿ ದೇವನರ್ತಕಿ ನರ್ತಿಸುತ್ತಿದ್ದಾಳೆ. ಅವಳ ಆಯುಷ್ಯ ತೀರುತ್ತ ಬಂದಿದೆಯೆಂಬುದು ಅವಳನ್ನು ಕಳುಹಿಸಿದ ಇಂದ್ರನಿಗೆ ಗೊತ್ತು. ಅವಳನ್ನು ಆರಿಸಿದ್ದೇ ಆ ಕಾರಣಕ್ಕೆ. ನೃತ್ಯದ ನಡುವೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ತತ್‌ಕ್ಷಣ ಅವಳಂಥದೇ ಮತ್ತೊಂದು ರೂಪವನ್ನು ರಂಗದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ವೃಷಭನೊಬ್ಬನು ಅದನ್ನು ಕಾಣುತ್ತಾನೆ, ವಿರಕ್ತನಾಗುತ್ತಾನೆ. ಪುರಾಣದ ಗುರಿ ಆ ವೈರಾಗ್ಯವಾದ್ದರಿಂದ ಕಥೆ ಅವನ ಹಿಂದೆ ನಡೆಯುತ್ತದೆ. ಆದರೂ ನರ್ತಕಿ ಸತ್ತದ್ದನ್ನು ಒಬ್ಬನಾದರೂ ಕಂಡನೆಂದು ಕವಿ ದಾಖಲಿಸಿದ್ದಾನೆ. ಕನ್ನಡದ ಜನಪ್ರಿಯ ಚಲನಚಿತ್ರ ನರ್ತಕಿಯೊಬ್ಬಳ ಬಾಳನ್ನು ಕೈಗೆತ್ತಿಕೊಂಡಾಗ ಅಷ್ಟನ್ನೂ ಮಾಡಲಿಲ್ಲ.

2004ರ ಆಗಸ್ಟ್‌ನಲ್ಲಿ ತೆರೆಕಂಡ, ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ವನ್ನು ಹೆಣ್ಣಿನ ಅಂತರಂಗವನ್ನು ನೃತ್ಯದ ಮೂಲಕ ಶೋಧಿಸಿದ ಚಿತ್ರವೆಂದು ಹೊಗಳುವುದು ಈಗ ರೂಢಿಯಾಗಿದೆ. ಇದು 1993ರ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರದ ಕನ್ನಡ ರೂಪ. ಗಂಗಾ ಮತ್ತು ನಾಗವಲ್ಲಿಯಾಗಿ ಅಭಿನಯಿಸಿದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೂಲದವರು. ಅದೇ ವರ್ಷ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನ ಬಳಿ ನಡೆದ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು. ಆಗಲೇ ಇಲ್ಲವಾಗಿದ್ದ ಕಲಾವಿದೆಯ ಕುಣಿತವನ್ನು ನಾಡು ತಿಂಗಳುಗಟ್ಟಲೆ ನೋಡಿತು. ಆ ದುಃಖ ಸಹಜವಾದದ್ದು, ಅವರ ಅಭಿನಯಕ್ಕೆ ಸಂದ ಮೆಚ್ಚುಗೆ ನ್ಯಾಯವಾದದ್ದು. ಆದರೆ ಕಲಾವಿದೆಯ ಮೇಲಿನ ಮಮತೆಯಲ್ಲಿ ಪಾತ್ರಕ್ಕೆ ಆದ ಅನ್ಯಾಯ ಮರೆಯಾಯಿತು.

ನಾಗವಲ್ಲಿಯ ಕಥೆಯನ್ನು ಚಿತ್ರದ ಅಲಂಕಾರಗಳಿಂದ ಬಿಡಿಸಿ ನೋಡಬೇಕು. ಅವಳು ಆಂಧ್ರದಿಂದ ಅರಮನೆಗೆ ತರಲ್ಪಟ್ಟ ನರ್ತಕಿ. ಅವಳ ಒಲವು ರಾಮನಾಥನೆಂಬ ನರ್ತಕನಲ್ಲಿ. ರಾಜನಿಗೆ ಅದು ಸಹ್ಯವಲ್ಲ. ರಾಮನಾಥನೂ ಸಾಯುತ್ತಾನೆ, ಅವಳೂ ಸಾಯುತ್ತಾಳೆ. ಒಡೆಯನ ಆಸ್ಥಾನದಲ್ಲಿ ಕಲೆಯೂ ದೇಹವೂ ಒಟ್ಟಿಗೆ ಸೆರೆಯಾದ ಹೆಣ್ಣಿನ ಬದುಕು ಇದು. ಚಿತ್ರವು ಇದನ್ನು ಕೆಲವೇ ನಿಮಿಷಗಳ ಪೂರ್ವಕಥೆಯಾಗಿ ಹೇಳಿ ಮುಗಿಸುತ್ತದೆ. ಉಳಿದ ಹೊತ್ತೆಲ್ಲ ನಾಗವಲ್ಲಿ ಗಂಗಾಳ ಮೈಯಲ್ಲಿರುವ ರೋಗ, ಗಂಡನೂ ವೈದ್ಯನೂ ಸೇರಿ ಕಳೆಯಬೇಕಾದ ಪೀಡೆ. ರಾಜನನ್ನು ಕೊಂದೆನೆಂಬ ಭ್ರಮೆಯನ್ನು ಅವಳಲ್ಲಿ ಹುಟ್ಟಿಸಿ ಗುಣಪಡಿಸುತ್ತಾರೆ. ಗುಣವಾಗುವುದೆಂದರೆ ನಾಗವಲ್ಲಿಯನ್ನು ಮರೆಯುವುದು. ಇಂದ್ರನು ಒಡ್ಡಿದ ಪ್ರತಿರೂಪದಂತೆ ಕೊನೆಗೆ ನಗುಮುಖದ ಗೃಹಿಣಿ ನಿಂತಿರುತ್ತಾಳೆ. ಸತ್ತವಳಿಗಾಗಿ ಚಿತ್ರದಲ್ಲಿ ಒಬ್ಬರೂ ಶೋಕಿಸುವುದಿಲ್ಲ.

ಈ ವಿಧಾನದಲ್ಲಿ ನೃತ್ಯಕ್ಕೆ ದೊರೆತ ಸ್ಥಾನ ಯಾವುದು? ರೋಗಲಕ್ಷಣದ ಸ್ಥಾನ. ಹೆಣ್ಣು ಗೆಜ್ಜೆ ಕಟ್ಟಿದಳೆಂದರೆ ಅವಳ ಬುದ್ಧಿ ಕೆಟ್ಟಿದೆಯೆಂದು ಪ್ರೇಕ್ಷಕ ಅರಿಯಬೇಕು. ತೆಲುಗು ನುಡಿಗೂ ಇದೇ ಗತಿಯಾಗಿದೆ. ಕನ್ನಡದ ಗೃಹಿಣಿಯ ಬಾಯಲ್ಲಿ ತೆಲುಗು ಬಂದೊಡನೆ ನೋಡುವವರು ಬೆಚ್ಚಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ತೆಲುಗು ಅಡುಗೆಮನೆಯ ಮಾತು, ಜೋಗುಳದ ಮಾತು. ಸಂತೆಯಲ್ಲಿ ಕನ್ನಡದೊಡನೆ ಬೆರೆತು ಓಡಾಡುವ ಮಾತು. ಮೈಸೂರು ಆಸ್ಥಾನದ ನರ್ತಕಿಯರು ಕ್ಷೇತ್ರಯ್ಯನ ಪದಗಳನ್ನೂ ಜಾವಳಿಗಳನ್ನೂ ಅದೇ ತೆಲುಗಿನಲ್ಲಿ ಅಭಿನಯಿಸಿದರು. ಹೆಣ್ಣು ತನ್ನ ಬಯಕೆಯನ್ನೂ ಸಿಟ್ಟನ್ನೂ ಬಾಯಿಬಿಟ್ಟು ಹೇಳಲು ಆ ಪದಗಳಲ್ಲಿ ಅವಕಾಶವಿತ್ತು. ಆ ಭಾಷೆಯನ್ನೂ ಆ ಕಲೆಯನ್ನೂ ಒಟ್ಟಿಗೆ ದೆವ್ವದ ಗುರುತಾಗಿಸಿದ ಚಿತ್ರದಲ್ಲಿ, ಗಡಿನಾಡಿನಿಂದ ಬಂದ ನಟಿಯೇ ಆ ದೆವ್ವವಾದದ್ದು ವಿಪರ್ಯಾಸ.

ಇದಕ್ಕೆ ಎರಡು ಆಕ್ಷೇಪಗಳು ಏಳುವುದು ಖಂಡಿತ. ಅದು ರಂಜನೆಯ ಚಿತ್ರ, ಅದರಲ್ಲಿ ಸ್ತ್ರೀಜೀವನದ ವಿಮರ್ಶೆಯನ್ನು ಹುಡುಕಬಾರದೆಂಬುದು ಮೊದಲನೆಯದು. ಹಾಗಿದ್ದರೆ ಅದನ್ನು ರಂಜನೆಯೆಂದಷ್ಟೇ ಕರೆಯಲಿ, ವಿವಾದವಿಲ್ಲ. ಸ್ತ್ರೀಜೀವನದ ಶೋಧನೆಯೆಂಬ ಬಿರುದನ್ನು ಕೊಡುವವರು ಅದಕ್ಕೆ ತಕ್ಕ ಪರೀಕ್ಷೆಯನ್ನೂ ಒಪ್ಪಬೇಕು. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಶಾಸ್ತ್ರೀಯ ನೃತ್ಯವೇ ಹೆಣ್ಣನ್ನು ಗಂಡಿನ ಸುತ್ತ ಕಟ್ಟಿಹಾಕಿದೆ. ಅಷ್ಟನಾಯಿಕೆಯರಲ್ಲಿ ಒಬ್ಬಳು ಕಾಯುತ್ತಾಳೆ, ಒಬ್ಬಳು ಮುನಿಯುತ್ತಾಳೆ, ಒಬ್ಬಳು ಅಗಲಿಕೆಯಲ್ಲಿ ಬೇಯುತ್ತಾಳೆ. ಎಂಟೂ ಅವಸ್ಥೆಗಳಿಗೆ ಕಾರಣ ನಾಯಕನೇ. ಇಂಥ ಕಲೆಯಿಂದ ಇಂದಿನ ಹೆಣ್ಣಿನ ಬದುಕನ್ನು ಹೇಗೆ ಹೇಳುವುದು?

ಶಾಸ್ತ್ರವನ್ನು ಮಾತ್ರ ಓದಿದವರಿಗೆ ಹಾಗೆ ತೋರುತ್ತದೆ. ಆ ಶಾಸ್ತ್ರವನ್ನು ದುಡಿಸಿಕೊಂಡ ಹೆಂಗಸರನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಮೈಸೂರಿನ ಜಟ್ಟಿ ತಾಯಮ್ಮನವರೂ (1857–1947) ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರೂ (1906–2002) ಹೆಸರಾದದ್ದು ಅಭಿನಯಕ್ಕೆ. ಪದದ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿ, ಪ್ರತಿ ಸಲವೂ ಹೊಸ ಸಂಚಾರಿಭಾವವನ್ನು ತರುವುದು ಆ ಪರಂಪರೆಯ ಕ್ರಮ. ‘ಬಾ’ ಎಂಬ ಒಂದು ಮಾತು ಮೊದಲ ಸಲ ಬೇಡಿಕೆಯಾಗಿ, ಮರುಸಲ ಅಣಕವಾಗಿ, ಮತ್ತೊಂದು ಸಲ ‘ಬರದಿದ್ದರೂ ಸರಿಯೇ’ ಎಂಬ ತಾತ್ಸಾರವಾಗಿ ಬರಬಹುದು. ಸಾಹಿತ್ಯ ಗಂಡಸಿನದೇ ಆದರೂ ಅರ್ಥದ ಒಡೆತನ ಅಭಿನಯಿಸುವವಳದು. ಈ ಕಲೆಗೆ ಎಳೆಯ ಮೈಯೂ ಬೇಕಿಲ್ಲ, ಬಾಳನ್ನು ಕಂಡ ಮುಖ ಸಾಕು. ಮುಖವನ್ನು ಸಮೀಪದಿಂದ ತೋರಬಲ್ಲ ಕ್ಯಾಮೆರಾಕ್ಕೆ ಇದಕ್ಕಿಂತ ಒದಗಿಬರುವ ಕಲೆ ಯಾವುದಿದೆ? ನಮ್ಮ ಚಿತ್ರಗಳು ಆ ಸಾಮೀಪ್ಯವನ್ನು ಸೊಂಟಕ್ಕೂ ಗೆಜ್ಜೆಗೂ ವ್ಯಯಮಾಡಿದವು. ಭಾವವೊಂದು ಹುಟ್ಟಿ ಬೆಳೆಯುವ ಮೊದಲೇ ದೃಶ್ಯವನ್ನು ಕತ್ತರಿಸಿದವು.

ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪನವರು ಬೇಲೂರಿನ ಮದನಿಕೆಯರನ್ನು ಕುರಿತು ‘ಅಂತಃಪುರಗೀತೆ’ಗಳನ್ನು ಬರೆದರು. ಕಲ್ಲಿನಲ್ಲಿ ನಿಂತ ಹೆಣ್ಣಿನ ಭಂಗಿಯ ಹಿಂದೆ ಒಂದು ಮನಸ್ಸಿದೆಯೆಂದು ಊಹಿಸಿ, ಅದಕ್ಕೆ ರಾಗ, ತಾಳಗಳನ್ನು ಹೊಂದಿಸಿದರು. ಇಂದಿಗೂ ಭರತನಾಟ್ಯದ ಕಲಾವಿದೆಯರು ಅವನ್ನು ಅಭಿನಯಿಸುತ್ತಾರೆ. ಕಲ್ಲಿನ ಹೆಣ್ಣಿಗೆ ಮುಳಬಾಗಿಲಿನ ಕವಿ ತೋರಿದ ಗೌರವವನ್ನು ಜೀವಂತ ನರ್ತಕಿಗೆ ಚಿತ್ರರಂಗ ತೋರಬಾರದೇಕೆ?

ಚಿತ್ರಮಾಧ್ಯಮಕ್ಕೆ ಅದು ಅಸಾಧ್ಯವೆನ್ನಲು ಸೌಂದರ್ಯ ಅವರೇ ಎಡೆಗೊಟ್ಟಿಲ್ಲ. ಅವರು ಸ್ವತಃ ನಿರ್ಮಿಸಿ ಅಭಿನಯಿಸಿದ, ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ದ್ವೀಪ’ (2002) ನಾ. ಡಿಸೋಜರ ಕೃತಿಯನ್ನು ಆಧರಿಸಿದ್ದು. ಅತ್ಯುತ್ತಮ ಚಿತ್ರಕ್ಕಾಗಿ ಸ್ವರ್ಣಕಮಲವನ್ನು ಪಡೆದದ್ದು. ಅಣೆಕಟ್ಟಿನ ನೀರು ಏರುವಾಗ ನಾಗಿಯೆಂಬ ಹೆಣ್ಣು ತನ್ನ ದುಡಿಮೆಯಿಂದ, ಎದೆಗಾರಿಕೆಯಿಂದ ಮನೆಯನ್ನು ಉಳಿಸುತ್ತಾಳೆ. ಗಂಡನು ಅದರ ಹಿರಿಮೆಯನ್ನು ದೈವಕ್ಕೆ ಒಪ್ಪಿಸುತ್ತಾನೆ. ಅಲ್ಲಿ ಶಾಸ್ತ್ರೀಯ ನೃತ್ಯದ ಒಂದು ಹೆಜ್ಜೆಯೂ ಇಲ್ಲ, ಹೆಣ್ಣಿನ ಬದುಕು ಮಾತ್ರ ಇಡಿಯಾಗಿ ಇದೆ. ಒಬ್ಬಳೇ ಕಲಾವಿದೆ, ಎರಡು ವರ್ಷಗಳ ಅಂತರ: ಹೆಣ್ಣಿನ ಬದುಕಿದ್ದಲ್ಲಿ ನೃತ್ಯವಿಲ್ಲ, ನೃತ್ಯವಿದ್ದಲ್ಲಿ ಬದುಕಿಲ್ಲ. ನಾಡಿನ ನೆನಪಿನಲ್ಲಿ ನಾಗಿಗಿಂತ ನಾಗವಲ್ಲಿಯೇ ಮುಂದಿರುವುದು ಪ್ರೇಕ್ಷಕರ ಅಭಿರುಚಿಯನ್ನೂ ಪರೀಕ್ಷೆಗೆ ಒಡ್ಡುತ್ತದೆ.

ಇವೆರಡನ್ನೂ ಕೂಡಿಸಬಲ್ಲ ವಸ್ತುವಿಗೆ ದೂರ ಹೋಗಬೇಕಾಗಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1958ರ ‘ಗೈಡ್’ ಕಾದಂಬರಿಯಲ್ಲಿ ದೇವದಾಸಿ ಮನೆತನದ ರೋಜಿಗೆ ನೃತ್ಯವನ್ನು ಉದ್ಯೋಗವಾಗಿ ಕೊಟ್ಟರು. ಅಭ್ಯಾಸ, ಸಂಪಾದನೆ, ಪ್ರವಾಸ, ದಣಿವು ಎಲ್ಲವೂ ಅಲ್ಲಿವೆ. ಕೋಲಾರ ಸೇರಿದ ಹಳೆಯ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಕಥೆಯಿದೆ. 1909ರಲ್ಲಿ ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ನರ್ತಕಿಯರ ಸೇವೆಯನ್ನು ನಿಲ್ಲಿಸಿತು. ಶೋಷಣೆಯನ್ನು ತಡೆಯುವ ಆ ಉದ್ದೇಶವನ್ನು ಅಲ್ಲಗಳೆಯಲಾಗದು. ಆದರೆ ಸೇವೆಯೊಡನೆ ಜೀವನೋಪಾಯವೂ ಹೋಯಿತು. ಕಲೆ ಮುಂದೆ ಬೇರೆ ಮನೆಗಳ ಹೆಣ್ಣುಮಕ್ಕಳಿಗೆ ಗೌರವದ ವಿದ್ಯೆಯಾಯಿತು, ಅದನ್ನು ತಲೆಮಾರುಗಳಿಂದ ಕಾಪಾಡಿದ ಮನೆಗಳ ಹೆಣ್ಣುಮಕ್ಕಳು ತಾಯಿಯ ವೃತ್ತಿಯನ್ನು ಹೇಳಿಕೊಳ್ಳಲು ಅಂಜಿದರು. ಕೋಲಾರದ ಪುಟ್ಟಪ್ಪನವರಂಥ ನಟುವನಾರರ ಹೆಸರು ಶಿಷ್ಯಪರಂಪರೆಯಲ್ಲಿ ಉಳಿದಿದೆ. ಆ ತಾಳಕ್ಕೆ ಹೆಜ್ಜೆ ಹಾಕಿದ ಹೆಂಗಸರಲ್ಲಿ ಎಷ್ಟು ಮಂದಿಯ ಹೆಸರನ್ನು ನಾಡು ಹೇಳಬಲ್ಲದು?

ನಾಗವಲ್ಲಿಯ ಕಥೆಯನ್ನು ಮತ್ತೆ ತೆಗೆಯುವವರಿದ್ದರೆ ಇಲ್ಲಿಂದ ತೆಗೆಯಲಿ. ಅವಳು ಯಾರ ಬಳಿ ಕಲಿತಳು, ಅರಮನೆ ಅವಳಿಗೆ ಏನು ಕೊಟ್ಟಿತು, ರಾಮನಾಥನ ಸಾವಿನ ಮರುದಿನವೂ ಅವಳು ಗೆಜ್ಜೆ ಕಟ್ಟಬೇಕಾಗಿ ಬಂದಿದ್ದರೆ ಯಾವ ಪದವನ್ನು ಹೇಗೆ ಅಭಿನಯಿಸುತ್ತಿದ್ದಳು ಎಂಬುದನ್ನು ತೋರಿಸಲಿ. ಅದಕ್ಕೆ ವೈದ್ಯನೂ ಬೇಡ, ಮಂತ್ರವಾದಿಯೂ ಬೇಡ. ತೆಲುಗಿನ ಒಂದು ಪದ, ನಡುವಯಸ್ಸಿನ ಒಬ್ಬ ಕಲಾವಿದೆ, ಅವಳ ಮುಖದಿಂದ ಹತ್ತು ನಿಮಿಷ ಕದಲದ ಕ್ಯಾಮೆರಾ ಇಷ್ಟಿದ್ದರೆ ಆರಂಭಕ್ಕೆ ಸಾಕು.